ಕಂಬಳಿಯ ಮೇಲೆ ಬಿದ್ದ ಕೋಲು

"ಅಲ್ಲಿ ನಿಂದರಬ್ಯಾಡ್ರಿ ಮೇಡಂ. ಈ ಕುರ್ಚಿ ಮ್ಯಾಲ ಕೂಡ್ರಿ. ಅಲ್ಲಿ ನಿಂತ್ರ ಬರೇ ಗದ್ದಲ ಕೇಳಸ್ತದ," ಎಂದ ಶೈಲೇಶ, ಎದೆಯೆತ್ತರದ ಸ್ಪೀಕರನ್ನು ಗೋಡೆಯಿಂದ ಈಚೆಗೆ ಜಗ್ಗುತ್ತ.

ಪ್ರಾಜಕ್ತಾ ಕೂತಳು. ಕೂತವಳೇ ಮತ್ತೊಮ್ಮೆ ಗಡಿಯಾರ ನೋಡಿಕೊಂಡಳು. ನಾಳೆ ಸೋಲಾಪುರದ ಕೋರ್ಟಿನಲ್ಲಿ ಗುರುಶಾಂತನ ಜಾಮೀನು ಅರ್ಜಿ ಬರುವುದಿತ್ತು. ಹೆಣ್ಣು ಕೊಟ್ಟ ಮಾವ, ಡೊಳ್ಳಿನ ಹಾಡುಗಾರ ಅಮೋಗಸಿದ್ಧನನ್ನು ಕೊಂದು ಭೀಮಾ ನದಿಗೆ ನೂಕಿದ ಎಂಬ ಆರೋಪ ಹೊತ್ತು ಆತ ಶ್ರಾವಣದಿಂದ ಜೈಲಿನಲ್ಲಿದ್ದ. ಹೆಣ ಮಾತ್ರ ಸಿಕ್ಕಿರಲಿಲ್ಲ. ಅವನನ್ನು ಬಿಡಿಸಲು ಅವಳ ಬಳಿ ಇದ್ದದ್ದು ಒಂದೇ ಒಂದು ಎಳೆ. ಅದೂ ಮೊಬೈಲಿನಲ್ಲಿ ಬರುವ ಒಂದು ಹಾಡು.

ಅಕ್ಕಲಕೋಟದ ಆ ಮಾಳಿಗೆಯ ಕೋಣೆಯನ್ನು ನೋಡಿದವರು ನಗದೆ ಇರಲಾರರು. ಗೋಡೆಗಳಿಗೆಲ್ಲ ಸೋಲಾಪುರದ ಚಾದರುಗಳನ್ನು ಮೊಳೆ ಹೊಡೆದು ತೂಗುಬಿಟ್ಟಿತ್ತು. ಮೂಲೆಗಳಲ್ಲಿ ಜೋಳದ ಚೀಲಗಳನ್ನು ಒಟ್ಟಿತ್ತು. ದನಿ ಗೋಡೆಗೆ ಬಡಿದು ವಾಪಸು ಬರಬಾರದು, ಮೂಲೆಯಲ್ಲಿ ಗುಂಯ್‌ಗುಡಬಾರದು ಎಂದು ಈ ಎಲ್ಲ ವ್ಯವಸ್ಥೆ. ಕಬ್ಬು, ತೊಗರಿ ಬೆಳೆಯುವ ಮನೆತನದ ಶೈಲೇಶನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಇದೊಂದೇ ಹುಚ್ಚು.

ಇದು ಪ್ರಾಜಕ್ತಾಳಿಗೆ ಚೆನ್ನಾಗಿ ಗೊತ್ತಿತ್ತು. ಸೋಲಾಪುರದಲ್ಲಿ ಅವಳ ಪತ್ತೇದಾರಿ ಕಚೇರಿ ನಡೆಯುವುದೇ ಮದುವೆಯ ಗಂಡುಗಳ ಗುಟ್ಟು ಹುಡುಕಿ ಕೊಟ್ಟು. ಶೈಲೇಶನ ಹೆಂಡತಿ ಶ್ರದ್ಧಾಳ ತಂದೆ ಮದುವೆಗೆ ಮುಂಚೆ ಭಾವೀ ಅಳಿಯನ ಹಿಂದೆ ಹಚ್ಚಿದ್ದು ಇವಳನ್ನೇ. 'ಹುಡುಗ ಒಳ್ಳೆಯವ, ಆದರೆ ಸಂಸಾರ ಮಾಡುವುದು ಸೌಂಡ್ ಬಾಕ್ಸಿನ ಜೊತೆ' ಎಂದು ಇವಳು ವರದಿ ಕೊಟ್ಟಿದ್ದಳು. ಕೊಲೆಯ ಪ್ರಕರಣಕ್ಕೆ ಕೈ ಹಾಕಿದ್ದು ಇದೇ ಮೊದಲು. ಇದೇ ಕಡೆಯೂ ಹೌದು ಎಂದು ಈ ತಿಂಗಳಲ್ಲೇ ಅದೆಷ್ಟೋ ಸಲ ಅಂದುಕೊಂಡಿದ್ದಳು.

"ನೀವು ಬರದದ್ದು ಬರಾಬರ ಇತ್ರಿ ಮೇಡಂ," ಎನ್ನುತ್ತ ಶ್ರದ್ಧಾ ಚಹಾ ತಂದಿಟ್ಟಳು. "ಜ್ವಾಳದ ಚೀಲಕ್ಕ ಇಲಿ ಬಂದಾವ, ತಗದು ಬ್ಯಾರೆ ಕಡೆ ಇಡ್ರಿ ಅಂದ್ರ, ಹಾಡು ಕೆಡ್ತದ ಅಂತಾರ."

"ಕೆಡ್ತದ ಮತ್ತ," ಎಂದ ಶೈಲೇಶ ಗಂಭೀರವಾಗಿ.

ಮೊದಲು ಪ್ರಾಜಕ್ತಾಳ ಮೊಬೈಲಿನಿಂದ ಬ್ಲೂಟೂತಿನಲ್ಲೇ ಹಾಡು ಹಚ್ಚಿದ. ಧಡ್ ಧಡ್ ಎಂದು ಡೊಳ್ಳು, ಅದರ ಮೇಲೆ ಅಮೋಗಸಿದ್ಧನ ಒಡಕು ಮುದಿದನಿ. ದಾರಿ ತಪ್ಪಿದ ಮರಿಯನ್ನು ತಾಯಿಕುರಿ ಕರೆಯುವ ಹಾಡು ಅದು. ಜನಪದ ಹಾಡುಗಳದೇ ಒಂದು ಆ್ಯಪಿನಲ್ಲಿ ಸಂಕ್ರಮಣದ ಮೇಲೆ ಬಂದಿತ್ತು. ಸತ್ತವನ ಹಾಡು ಈಗ ಹೇಗೆ ಬಂತು ಎಂದು ಪೊಲೀಸರು ಕೇಳಿದಾಗ, ಅದನ್ನು ಏರಿಸಿದ ಸೋಲಾಪುರದ ಸ್ಟುಡಿಯೋದ ಸೋಮೇಶ, 'ಹೋದ ಯುಗಾದಿಗೆ ರೆಕಾರ್ಡ್ ಮಾಡಿದ್ದು' ಎಂದಿದ್ದ. ಪೊಲೀಸರು ಹೌದೆಂದು ಫೈಲು ಮುಚ್ಚಿದ್ದರು.

ಛಾಯಾ ಮಾತ್ರ ಒಪ್ಪಿರಲಿಲ್ಲ. ಛಾಯಾ ಎಂದರೆ ಅಮೋಗಸಿದ್ಧನ ಒಬ್ಬಳೇ ಮಗಳು, ಗುರುಶಾಂತನ ಹೆಂಡತಿ. "ದನಿ ನಮ್ಮಪ್ಪಂದರಿ. ಡೊಳ್ಳು ನಮ್ಮಪ್ಪ ಬಾರಿಸಿದ್ದಲ್ಲ," ಎಂದು ನಂದೇಶ್ವರದಿಂದ ಬಸ್ಸು ಹತ್ತಿ ಬಂದು ಪ್ರಾಜಕ್ತಾಳ ಮುಂದೆ ಕೂತಿದ್ದಳು.

"ಇದು ನಾ ಮೊಬೈಲದಾಗ ಕೇಳಿದಂಗನ ಅದ," ಎಂದಳು ಪ್ರಾಜಕ್ತಾ. "ಬರೇ ದೊಡ್ಡದಾಗ್ಯಾದ ಅಷ್ಟ."

"ಆಗೂದ. ಕಬ್ಬಿನ ಹಾಲು ಸೋಸಿ, ಮತ್ತ ಸೋಸಿ, ನೀರು ಬೆರಸಿ ಕುಡಿದಂಗ ಅದು. ಫೋನ್ ಬಾಜೂಕಿಡ್ರಿ."

ಶೈಲೇಶ ಕಪಾಟಿನ ಮೇಲಿನ ಕಪ್ಪು ಪೆಟ್ಟಿಗೆಗೆ ಇಂಟರ್ನೆಟ್ಟಿನ ತಂತಿಯನ್ನು ನೇರವಾಗಿ ಚುಚ್ಚಿದ. ಈಗ ಹಾಡನ್ನು ಆ ಪೆಟ್ಟಿಗೆಯೇ ತರಿಸಿಕೊಳ್ಳುತ್ತದೆ, ಫೋನಿನ ಕೆಲಸ ಬರೀ ಹೇಳುವುದು ಎಂದ. ಆಮೇಲೆ ಆ್ಯಪಿನ ಒಳಹೊಕ್ಕು, 'ಆಟೊ' ಎಂದಿದ್ದ ದನಿಯ ಗುಣಮಟ್ಟವನ್ನು ಎಲ್ಲಕ್ಕಿಂತ ಮೇಲಿನದಕ್ಕೆ ಏರಿಸಿದ. ಡೇಟಾ ಉಳಿಸಲೆಂದು ಆ್ಯಪು ತಾನಾಗಿ ಹಾಡನ್ನು ಹಿಂಡಿ ಚಿಕ್ಕದು ಮಾಡಿ ಕಳಿಸುತ್ತದೆ, ಹಿಂಡುವಾಗ ಮೊದಲು ಹೋಗುವುದೇ ಸಣ್ಣ ಸಪ್ಪಳ ಎಂದು ವಿವರಿಸಿದ.

ಹಾಡು ಮತ್ತೆ ಶುರುವಾಯಿತು. ದನಿಯ ಒಡಕು ಈಗ ಬೇರೆ ಬೇರೆ ಎಳೆಯಾಗಿ ಕೇಳಿತು. ಉಸಿರು ಎಳೆದುಕೊಂಡದ್ದು, ಗಂಟಲು ಸರಿಮಾಡಿಕೊಂಡದ್ದು, ಎಲ್ಲ. ಮುದುಕ ಎದುರಿಗೇ ಕೂತಿದ್ದಾನೇನೋ ಎನಿಸಿ ಪ್ರಾಜಕ್ತಾಳಿಗೆ ಸಂಕಟವಾಯಿತು.

"ಡೊಳ್ಳಿನ ಹಿಂದ ಏನೋ ಅದ," ಎಂದ ಶೈಲೇಶ ಕಣ್ಣು ಮುಚ್ಚಿಕೊಂಡು. "ತಡೀರಿ. ಇದೊಂದು ಬಂದ್ ಮಾಡೂದು ಮರತಿದ್ದೆ."

ಎಲ್ಲ ದನಿಯನ್ನೂ ಒಂದೇ ಮಟ್ಟಕ್ಕೆ ತರುವ ಗುಂಡಿಯನ್ನು ಬಂದ್ ಮಾಡಿದ. ಧಡಧಡ ಹೆಚ್ಚಿಸುವ ಇನ್ನೊಂದನ್ನೂ ಬಂದ್ ಮಾಡಿದ. ಸ್ಪೀಕರನ್ನು ಇನ್ನೂ ಗೇಣು ಮುಂದಕ್ಕೆ ತಂದ. ಮೂರನೆಯ ಸಲ ಹಚ್ಚಿದ.

ಈಗ ಡೊಳ್ಳು ತನ್ನ ಜಾಗಕ್ಕೆ ಸರಿದು ಕೂತಿತು. ಅದು ಯಂತ್ರದ ಡೊಳ್ಳು ಎಂದು ಯಾರಿಗೂ ತಿಳಿಯುವಂತಿತ್ತು. ಪ್ರತಿ ಪೆಟ್ಟೂ ಹಿಂದಿನದರ ಹಾಗೆಯೇ ಇತ್ತು. ಅದರ ಹಿಂದೆ, ದನಿಯ ಪಕ್ಕದಲ್ಲೇ, ಇನ್ನೊಂದು ತಾಳ ಇತ್ತು. ಧಪ್. ಧಪ್ ಧಪ್. ಮೆತ್ತನೆಯ, ದಪ್ಪನೆಯ ಸಪ್ಪಳ. ಅದು ಯಂತ್ರದ ಡೊಳ್ಳಿಗಿಂತ ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು. ಮುದುಕನ ಹಾಡು ಹೋಗುತ್ತಿದ್ದದ್ದು ಈ ತಾಳದ ಬೆನ್ನು ಹಿಡಿದು.

ಪ್ರಾಜಕ್ತಾ ಕುರ್ಚಿಯ ತೋಳು ಹಿಡಿದುಕೊಂಡಳು. "ಮತ್ತೊಮ್ಮೆ ಹಚ್ರಿ."

ಮತ್ತೊಮ್ಮೆ ಹಚ್ಚಿದ. ಅನುಮಾನ ಉಳಿಯಲಿಲ್ಲ.

"ಮೇಜು ಬಡದಾನೇನು?" ಶೈಲೇಶ ಕೇಳಿದ.

"ಮೇಜಲ್ಲ. ಮಡಚಿದ ಕಂಬಳಿ. ಕಂಬಳಿ ಮ್ಯಾಲ ಕೋಲು."

ಅವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ತಾಯಿಯ ತವರು ಕಂದಲಗಾಂವ, ಕುರಿ ಸಾಕುವ ಮನೆ, ಕುರುಬರ ದೇವರು ಬಿರೋಬಾನ ಒಕ್ಕಲು. ಅಜ್ಜ ಸತ್ತಾಗ ಪಡಸಾಲೆಯಲ್ಲಿ ಡೊಳ್ಳನ್ನು ಬೋರಲು ಹಾಕಿದ್ದನ್ನು ಅವಳು ಕಂಡಿದ್ದಳು. ಸೂತಕ ಕಳೆಯುವ ತನಕ ಆ ಚರ್ಮವನ್ನು ಮುಟ್ಟುವಂತಿಲ್ಲ. ದುಃಖ ತಡೆಯದೆ ಯಾರಾದರೂ ಹಾಡಿದರೆ, ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕೋಲು ಬಡಿದು ತಾಳ ಹಿಡಿಯಬೇಕು. ಅವಳ ಸೋದರಮಾವ ಹಾಗೆ ಹಾಡಿದ್ದ. ಆ ಸಪ್ಪಳ ಕೇಳುತ್ತ ಅಜ್ಜಿ ಗೋಡೆಗೆ ಮುಖ ಮಾಡಿ ಅತ್ತಿದ್ದಳು.

"ಅಂದ್ರ ಈ ಹಾಡು ಹಾಡುವಾಗ ಅಮೋಗಸಿದ್ಧನ ಮನ್ಯಾಗ ಸೂತಕ ಇತ್ತು," ಎಂದಳು. "ಅವನ ತಾಯಿ ಸುಗಲಾಬಾಯಿ ತೀರಿಕೊಂಡಾಳ, ಗೊತ್ತದಲ್ಲ? ದೀಪಾವಳಿ ಆದಮ್ಯಾಲ."

"ಆದ್ರ ಅಮೋಗಸಿದ್ಧ ನದಿ ಪಾಲಾಗಿದ್ದು—"

"ಶ್ರಾವಣದಾಗ."

ಶೈಲೇಶ ಹಾಡು ನಿಲ್ಲಿಸಿದ. ಶ್ರದ್ಧಾ ಬಾಗಿಲಲ್ಲೇ ನಿಂತಿದ್ದಳು, ಖಾಲಿ ಕಪ್ಪು ಕೈಯಲ್ಲೇ ಇತ್ತು.

"ಖರೇನ ಜೀವಂತ ಅದಾನೇನ್ರಿ?" ಎಂದಳು ಮೆಲ್ಲಗೆ.

ಪ್ರಾಜಕ್ತಾ ಮನಸ್ಸಿನಲ್ಲೇ ಎಳೆಗಳನ್ನು ಕೂಡಿಸಿದಳು. ಮುದುಕ ಎಲ್ಲೋ ಅಡಗಿ ಕೂತಿದ್ದ, ತಾಯಿಯ ಮಣ್ಣಿಗೂ ಬರಲಾಗಲಿಲ್ಲ, ಆದರೂ ಡೊಳ್ಳು ಮುಟ್ಟಲು ಕೈ ಬರಲಿಲ್ಲ. ಉಳಿದೆಲ್ಲ ಬಚ್ಚಿಟ್ಟ ಮನುಷ್ಯ ಇದೊಂದನ್ನು ಬಚ್ಚಿಡಲಾರದೆ ಹೋದ. ಸ್ಟುಡಿಯೋದವ ಅದರ ಮೇಲೆ ಯಂತ್ರದ ಡೊಳ್ಳು ಸುರಿದ, ಮೊಬೈಲಿನಲ್ಲಿ ಕೇಳುವ ಜನಕ್ಕೆ ಏನು ತಿಳಿದೀತು ಎಂದುಕೊಂಡ.

"ಹೆಂಡತಿ ಸತ್ತಾಗ ಹಾಡಿದ್ದಿರಬಹುದಲ್ಲ?" ಶೈಲೇಶ ಕೊಕ್ಕೆ ಹಾಕಿದ.

"ಛಾಯಾನ್ನ ಕೇಳ್ತೀನಿ. ಮೊದಲು ಇದನ್ನ ಹಿಡದು ಇಟ್ಟುಕೋಬೇಕು."

ಮೊಬೈಲನ್ನು ಸ್ಪೀಕರಿನ ಮುಂದೆ ಹಿಡಿದು ರೆಕಾರ್ಡ್ ಮಾಡಿಕೊಂಡಳು. ತಿರುಗಿ ಕೇಳಿದರೆ ಬರೀ ಧಡ್ ಧಡ್. ಫೋನಿನ ಪುಟಾಣಿ ಕಿವಿಗೆ ಕಂಬಳಿ ಕೇಳಿಸಿರಲೇ ಇಲ್ಲ. ಪೆಟ್ಟಿಗೆಯಿಂದಲೇ ನೇರ ಇಳಿಸಿಕೊಳ್ಳಲು ಬೇಕಾದ ತಂತಿ ಮನೆಯಲ್ಲಿರಲಿಲ್ಲ. ಆ್ಯಪಿನಲ್ಲಿ ಇಳಿಸಿಕೊಂಡರೂ ಅದು ಆ್ಯಪಿನ ಬೀಗದೊಳಗೇ ಇರುತ್ತದೆ, ಅವರು ಬೇಡವೆಂದರೆ ಹೋಯಿತು ಎಂದ ಶೈಲೇಶ.

"ಚಿಂತಿ ಬಿಡ್ರಿ. ಮುಂಜಾನೆ ಇದೆಲ್ಲಾ ಜೀಪಿನ್ಯಾಗ ಹೇರಿ ನಿಮ್ಮ ವಕೀಲರ ಮನಿಗೇ ತರ್ತೀನಿ. ಸಾತಲಿಂಗಪ್ಪ ವಕೀಲರು ತಮ್ಮ ಕಿವೀಲೇ ಕೇಳಲಿ. ಹಾಡು ಎಲ್ಲಿ ಓಡಿ ಹೋಗ್ತದ?"

ಅವಳಿಗೂ ಹಾಗೇ ಅನಿಸಿತು. ಹಾಡು ಅಲ್ಲೇ ಇತ್ತಲ್ಲ, ಎಲ್ಲರೂ ಕೇಳುವ ಜಾಗದಲ್ಲಿ. ಆದರೂ ಸ್ಕೂಟಿ ಹತ್ತುವಾಗ ಮಾಳಿಗೆಯ ಕಡೆ ಒಮ್ಮೆ ತಿರುಗಿ ನೋಡಿದಳು.

ಕುಂಭಾರಿಯ ಹತ್ತಿರ ರಸ್ತೆ ಬದಿಯ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ ಛಾಯಾಳಿಗೆ ಫೋನು ಮಾಡಿದಳು. ಇಷ್ಟು ದೊಡ್ಡ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಸೋಲಾಪುರದ ತನಕ ಹೋಗಲು ಅವಳಿಂದ ಆಗಲಿಲ್ಲ.

"ಛಾಯಾ, ನಿಮ್ಮವ್ವ ತುಳಜಾಬಾಯಿ ತೀರಿಕೊಂಡಾಗ ನೀನು ಎಷ್ಟು ದೊಡ್ಡಾಕಿ ಇದ್ದಿ?"

"ಸಾಲಿಗೂ ಹೋಗ್ತಿದ್ದಿಲ್ರಿ. ಯಾಕ್ರಿ?"

"ಅದಾದಮ್ಯಾಲ ನಿಮ್ಮ ಮನ್ಯಾಗ ಮತ್ತ ಯಾರರೆ ಹೋಗ್ಯಾರೇನು?"

"ಆಯಿ ಒಬ್ಬಾಕೀನರಿ, ನಮ್ಮಪ್ಪನ ತಾಯಿ. ಮೊನ್ನಿ ದೀಪಾವಳಿ ಮ್ಯಾಲ."

ಹಾಡಿನಲ್ಲಿದ್ದದ್ದು ಮುದಿದನಿ. ಛಾಯಾ ಸಾಲಿಗೆ ಹೋಗದಿದ್ದ ಕಾಲದ ಹರೆಯದ ದನಿ ಅಲ್ಲ. ಶೈಲೇಶನ ಕೊಕ್ಕೆ ಅಲ್ಲಿಗೆ ಕಳಚಿಬಿತ್ತು. ಪ್ರಾಜಕ್ತಾ ಎಲ್ಲವನ್ನೂ ಹೇಳಿದಳು, ಚಾದರು ಹೊದ್ದ ಗೋಡೆಯಿಂದ ಹಿಡಿದು ಕಂಬಳಿಯ ತನಕ. "ನಿಮ್ಮಪ್ಪ ಸತ್ತಿಲ್ಲವ್ವ. ಬದಕ್ಯಾನ."

ಈಗ ಅಳುತ್ತಾಳೆ ಎಂದುಕೊಂಡಳು ಪ್ರಾಜಕ್ತಾ.

"ಎಲ್ಲಿ ಅದಾನ್ರಿ?" ಎಂದಳು ಛಾಯಾ. ದನಿಯಲ್ಲಿ ಅಳು ಇರಲಿಲ್ಲ.

"ಅದು ಸೋಮೇಶಗ ಗೊತ್ತಿರಬೇಕು. ಅವನ ಸ್ಟುಡಿಯೋಕ್ಕ ಹೊಂಟೀನಿ."

"ಹೋಗ್ರಿ. ಸಿಕ್ಕ ಅಂದ್ರ ಮೊದಲು ನನಗ ಹೇಳ್ರಿ."

ಛಾಯಾ ಫೋನು ಇಟ್ಟಳು. ನಾಳೆಯ ಜಾಮೀನಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಪಾಪ, ಒಂದು ಕಡೆ ಅಪ್ಪ, ಒಂದು ಕಡೆ ಗಂಡ, ತಲೆ ಕೆಟ್ಟಿರಬೇಕು ಎಂದುಕೊಂಡು ಪ್ರಾಜಕ್ತಾ ಗಾಡಿ ಶುರು ಮಾಡಿದಳು.

ಸೋಮೇಶನ ಸ್ಟುಡಿಯೋ ಸೋಲಾಪುರದ ಹಳೆಯ ಗಲ್ಲಿಯೊಂದರಲ್ಲಿ, ಮಗ್ಗದ ಕಾರ್ಖಾನೆಯೊಂದರ ಹಿಂಬದಿಯಲ್ಲಿತ್ತು. ಹೊರಗಿನ ಖೋಲಿಯಲ್ಲಿ ಒಂದು ಕಂಪ್ಯೂಟರು, ಎರಡು ಕುರ್ಚಿ. ಒಳಗಿನ ಖೋಲಿಯ ಬಾಗಿಲು ಮುಚ್ಚಿತ್ತು. ಸೋಮೇಶ ನಲವತ್ತರ ಗಂಡಸು. ಅವಳನ್ನು ಕಂಡು ಮುಖದಲ್ಲಿ ನಗು ತಂದುಕೊಂಡ.

"ಯಾ, ಬಸಾ, ಕೂಡ್ರಿ. ಮತ್ತ ಅದ ಹಾಡಿನ ಸಮಾಚಾರೇನ್ರಿ?"

"ಅದ. ಯುಗಾದಿಗೆ ರೆಕಾರ್ಡ್ ಮಾಡಿದ್ದು ಅಂದ್ರಿ. ಡೊಳ್ಳು ಯಾರು ಬಾರಿಸಿದ್ರು?"

"ಅವರ. ಅಮೋಗಸಿದ್ಧಣ್ಣ."

"ಹಾಡೂದೂ ಅವರ, ಬಾರಿಸೂದೂ ಅವರ?"

"ಹೌದಲ್ರಿ. ಕಾಯಮ್ ಹಂಗ ಹಾಡ್ತಿದ್ರು."

"ಹಂಗಾದ್ರ ಕಂಬಳಿ ಬಡದವರು ಯಾರು?"

ನಗು ಮುಖದ ಮೇಲೆಯೇ ಉಳಿಯಿತು, ಕಣ್ಣು ಮಾತ್ರ ಒಳಗಿನ ಬಾಗಿಲಿನ ಕಡೆ ಹೋಗಿ ಬಂತು.

"ಯಾವ ಕಂಬಳಿ?"

"ಮಡಚಿದ ಕಂಬಳಿ. ನೀವು ಮ್ಯಾಲ ಮಶೀನಿನ ಡೊಳ್ಳು ಹಾಕಿ ಮುಚ್ಚಿದ್ದು. ಚೊಲೋ ಸ್ಪೀಕರಿನ್ಯಾಗ ಕೇಳೀನಿ. ನಾಳೆ ವಕೀಲರೂ ಕೇಳ್ತಾರ."

ಸೋಮೇಶ ಎದ್ದ. "ಚಹಾ ಹೇಳಿ ಬರ್ತೀನಿ, ಕೂಡ್ರಿ," ಎಂದು ಬೀದಿಗೆ ಹೋಗುವ ಬದಲು ಒಳಗಿನ ಖೋಲಿಗೆ ಹೋಗಿ ಬಾಗಿಲು ಎಳೆದುಕೊಂಡ.

ಪ್ರಾಜಕ್ತಾ ಕಾದಳು. ಹಿಂದಿನ ಮಗ್ಗಗಳ ಸದ್ದು ಗೋಡೆಯೊಳಗಿಂದ ಬರುತ್ತಿತ್ತು. ಬಾಗಿಲಿಗೆ ಕಿವಿ ಕೊಡಬೇಕೆಂದರೂ ಆ ಸದ್ದಿನಲ್ಲಿ ಏನೂ ಕೇಳುವಂತಿರಲಿಲ್ಲ. ಅವನು ತಿರುಗಿ ಬಂದಾಗ ಕೈಯಲ್ಲಿ ಚಹಾ ಇರಲಿಲ್ಲ. ಮುಖದಲ್ಲಿ ನಗುವೂ ಇರಲಿಲ್ಲ.

"ಯಾವ ಹಾಡು ಅಂದ್ರಿ? ಹಚ್ಚಿ ತೋರಸ್ರಿ ನೋಡೋಣು."

ಅವಳು ಮೊಬೈಲು ತೆಗೆದು ಆ್ಯಪು ತೆರೆದಳು. ಹೆಸರು ಹಾಕಿದಳು. ಅಮೋಗಸಿದ್ಧನ ಹಳೆಯ ಹಾಡುಗಳೆಲ್ಲ ಇದ್ದವು. ತಾಯಿಕುರಿಯ ಹಾಡು ಇರಲಿಲ್ಲ. ಮತ್ತೆ ಹುಡುಕಿದಳು. ಆ್ಯಪು ಮುಚ್ಚಿ ತೆರೆದಳು. ಇರಲಿಲ್ಲ.

ಶೈಲೇಶನಿಗೆ ಫೋನು ಮಾಡಿದಳು. ಅವನು ಮಾಳಿಗೆ ಹತ್ತಿ ಪೆಟ್ಟಿಗೆ ಹಚ್ಚಿದ್ದು, ಉಸಿರುಬಿಟ್ಟದ್ದು ಎಲ್ಲ ಕೇಳಿತು. "ಇಲ್ರಿ ಮೇಡಂ. ಈಗ ಸಿಗವಲ್ದು. ಆಗ ಇತ್ತಲ್ರಿ. ನಾ ಏನ ಮಾಡ್ಲಿ?" ಎಂದ. ಅವನ ದನಿ ಸೋತುಹೋಗಿತ್ತು.

ಮೂವರು ಕೇಳಿದ್ದರು, ಆದರೆ ಕೈಯಲ್ಲಿ ಏನೂ ಇರಲಿಲ್ಲ. ನ್ಯಾಯಾಧೀಶರ ಮುಂದೆ ನಿಂತು, 'ನಿನ್ನೆ ಒಂದು ಹಾಡು ಇತ್ತು, ಅದರ ಹಿಂದೆ ಕಂಬಳಿ ಇತ್ತು' ಎಂದರೆ ಗುಮಾಸ್ತರೂ ನಗುತ್ತಾರೆ. ಗುರುಶಾಂತ ಒಳಗೇ ಉಳಿಯುತ್ತಾನೆ. ಅವಳಿಗೆ ಸಿಟ್ಟಿಗಿಂತ ಅಳುವೇ ಹೆಚ್ಚು ಬಂತು.

"ಯಾಕ ತಗದ್ರಿ?" ಎಂದು ಕೇಳಿದಳು. "ಒಬ್ಬ ಮನಶ್ಯಾ ಜೇಲಿನ್ಯಾಗ ಕೊಳಿಯಾಕತ್ಯಾನ, ಸೋಮೇಶ. ತಪ್ಪು ಮಾಡಲಾರದ."

"ಗೊತ್ತದ್ರಿ ನನಗ."

"ಗೊತ್ತಿದ್ದೂ ತಗದ್ರೇನು?"

"ನಾ ಏನ ಮಾಡ್ಲಿ? ಹಾಡಿದವರೇ ತಗಿ ಅಂದ್ರ ತಗೀಬೇಕಲ್ಲ."

ಅಂದವನೇ ತುಟಿ ಕಚ್ಚಿಕೊಂಡ. ಆಡಿದ ಮಾತು ಖೋಲಿಯ ನಡುವೆ ನಿಂತುಬಿಟ್ಟಿತ್ತು. ಪ್ರಾಜಕ್ತಾ ಮುಚ್ಚಿದ ಬಾಗಿಲನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು. ಸೋಮೇಶ ಕುರ್ಚಿಯಲ್ಲಿ ಕುಸಿದು ತಲೆಗೆ ಕೈ ಹಚ್ಚಿ ಕೂತ.

ಅವಳು ಏಳುವ ಮೊದಲೇ ಬಾಗಿಲು ಒಳಗಿನಿಂದ ತೆರೆಯಿತು.

ಫೋಟೋದಲ್ಲಿ ಕಂಡದ್ದಕ್ಕಿಂತ ಮುದುಕ ಇಳಿದುಹೋಗಿದ್ದ. ತಲೆಯ ಮೇಲೆ ರುಮಾಲಿರಲಿಲ್ಲ. ಅದು ಭೀಮಾ ನದಿಯ ದಂಡೆಯಲ್ಲಿ ಸಿಕ್ಕು ಈಗ ಪೊಲೀಸರ ಬಳಿ ಇತ್ತು. ಗಡ್ಡ ಬೆಳೆದಿತ್ತು, ಹೆಗಲ ಮೇಲೆ ಕಂಬಳಿ ಇತ್ತು. ಅಮೋಗಸಿದ್ಧ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ.

"ಅವಗ ಬೈಬ್ಯಾಡವ್ವ," ಎಂದ. "ನಾನ ತಗಸೀನಿ. ತಾಯಿ ಹ್ವಾದ ಸುದ್ದಿ ಕೇಳಿ ಹೊಟ್ಟಿ ತಡೀಲಿಲ್ಲ, ಹಾಡಿದೆ. ಇವ ಚೊಲೋ ಅದ ಅಂತ ಬಿಟ್ಟ. ತಪ್ಪಾತು."

ಪ್ರಾಜಕ್ತಾಳಿಗೆ ಮೊದಲು ಬಂದದ್ದು ಸಂತೋಷ. ಹಾಡು ಹೋದರೆ ಹೋಯಿತು, ಹಾಡಿದವನೇ ಎದುರಿಗಿದ್ದ. ನಾಳೆ ಇವನ ಕೈ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿಸಿದರೆ ಸಾಕು, ಯಾವ ಸ್ಪೀಕರೂ ಬೇಡ.

"ಅಜ್ಜಾ, ನಾಳೆ ನನ್ನ ಸಂಗಾಟ ಕೋರ್ಟಿಗೆ ಬಾ. ನಿನ್ನ ನೋಡಿದ್ರ ಸಾಕು, ಗುರುಶಾಂತನ್ನ ಬಿಡ್ತಾರ."

"ಅದಕ್ಕ ಬರಂಗಿಲ್ಲ."

"ಅವ ನಿನ್ನ ಅಳಿಯಾ. ನಿನ್ನ ಕಡಿಂದ ಹಾಡು ಕಲತಾಂವ."

"ಅದಕ್ಕನ ಬರಂಗಿಲ್ಲವ್ವ." ಮುದುಕನ ಕಣ್ಣು ತುಂಬಿದವು. "ಒಳಗ ಅದಾನಂತ ಜೀವಂತ ಅದಾನ. ನಾ ಸತ್ತೀನಿ ಅಂತ ತಿಳದಾರಂತ ನಾನೂ ಜೀವಂತ ಅದೀನಿ. ಹೊರಗ ಬಂದ್ರ ಇಬ್ಬರನ್ನೂ ಉಳಸಂಗಿಲ್ಲ. ಅವಗೂ ಇದು ಗೊತ್ತದ. ಗೊತ್ತಿದ್ದ ಹೋಗಿ ಕುಂತಾನ."

ಗುರುಶಾಂತನನ್ನು ಬಿಡಿಸಬೇಕೆಂದು ಪ್ರಾಜಕ್ತಾ ತಿಂಗಳಿಡೀ ಓಡಾಡಿದ್ದಳು. ಬಿಡಿಸಿಕೊಳ್ಳಬೇಕಾದವನಿಗೇ ಬಿಡುಗಡೆ ಬೇಡವಾಗಿತ್ತು. ಇವನನ್ನು ಎಳೆದೊಯ್ದರೂ ತಪ್ಪು, ಇಲ್ಲಿ ಬಿಟ್ಟು ಹೋದರೂ ತಪ್ಪು.

"ಯಾರಿಗಿ ಅಂಜತಿ ಅಜ್ಜಾ? ಹೆಸರು ಹೇಳು. ನಾ ಅದೀನಿ."

ಮುದುಕ ಬಾಯಿ ತೆರೆದ. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನು ರಿಂಗಾಯಿತು. ಪರದೆಯ ಮೇಲೆ ಹೆಸರು ನೋಡಿ ಅವಳಿಗೆ ಸ್ವಲ್ಪ ಧೈರ್ಯ ಬಂತು. ಮಗಳ ದನಿ ಕೇಳಿದರೆ ಇವನ ಮನಸ್ಸು ತಿರುಗೀತು.

"ತಗೋ ಅಜ್ಜಾ," ಎಂದು ಫೋನು ಚಾಚಿದಳು. "ನಿನ್ನ ಮಗಳು ಛಾಯಾ. ನೀ ಬದಕಿದಿ ಅಂತ ಕೇಳಿದಾಗಿಂದ ಹಾದಿ ಕಾಯಾಕತ್ಯಾಳ."

ಅಮೋಗಸಿದ್ಧ ಫೋನು ತೆಗೆದುಕೊಳ್ಳಲಿಲ್ಲ. ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದ, ಗೋಡೆ ಬೆನ್ನಿಗೆ ತಾಗುವ ತನಕ. ಫೋನು ರಿಂಗಾಗುತ್ತಲೇ ಇತ್ತು. ಸೋಮೇಶ ಓಡಿಹೋಗಿ ಬೀದಿಯ ಬಾಗಿಲಿಗೆ ಅಗುಳಿ ಹಾಕಿದ.

"ನಾ ಬದುಕೀನಂತ," ಎಂದ ಮುದುಕ, "ಅಕೀಗಿ ಯಾರು ಹೇಳಿದ್ರವ್ವ?"